ಮಗ್ಗದ ಸದ್ದಿನೊಳಗೆ ಕಲಿತ ದನಿ

ಆ ನೇಯ್ಗೆ ಗಿರಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು ಯಾರು ಎಂದು ಕೇಳಿದರೆ, ತೊಂಬತ್ತು ಮಗ್ಗಗಳ ಮುಂದೆ ನಿಂತವರೆಲ್ಲ ಮೂರನೇ ಸಾಲಿನ ಕೊನೆಗೆ ಬೆರಳು ತೋರಿಸುತ್ತಿದ್ದರು. ಅಲ್ಲಿ ಗಿಣಿ ಇದ್ದಳು. ಬೆಳಗಿನ ಪಾಳಿ ಶುರುವಾಯಿತೆಂದರೆ ಅವಳ ಬಾಯಿಗೆ ಬಿಡುವೆಂಬುದಿಲ್ಲ. ಯಾರ ಮನೆಗೆ ಹೊಸ ಸೊಸೆ ಬಂದಳು, ಮೇಸ್ತ್ರಿಯ ಅಂಗಿಯ ಗುಂಡಿ ಯಾಕೆ ತಪ್ಪಿದೆ, ನಲ್ಲಿಯ ಹತ್ತಿರ ಯಾರು ಯಾರಿಗೆ ಬೈದರು, ಎಲ್ಲವೂ ಅವಳ ಬಾಯಲ್ಲಿ ಹಾದೇ ಸಾಲಿನಿಂದ ಸಾಲಿಗೆ ಹೋಗಬೇಕು. ಗಿಣಿ ಎನ್ನುವ ಅಡ್ಡಹೆಸರನ್ನು ಗಿರಣಿಯ ಹೆಂಗಸರೇ ಇಟ್ಟದ್ದು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಅವಳಿಗೇ ಅಷ್ಟಾಗಿ ನೆನಪಾಗುತ್ತಿರಲಿಲ್ಲ. ಇಷ್ಟೆಲ್ಲ ಮಾತಿನ ಈ ಹೆಂಗಸು ಹುಟ್ಟು ಕಿವುಡಿ. ಸಾಲದ್ದಕ್ಕೆ, ನಲವತ್ತೊಂದು ತುಂಬುವ ತನಕ ಅವಳ ಬಾಯಿಂದ ಒಂದೇ ಒಂದು ದನಿ ಹೊರಟದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ನಂಬುವುದು ಕಷ್ಟವೆನಿಸಿದರೆ ಮಗ್ಗದ ಮನೆಯೊಳಗೆ ಒಮ್ಮೆ ಹೋಗಿ ನಿಂತು ನೋಡಬೇಕು. ತೊಂಬತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದಲ್ಲಿ ನಿಂತವನು ಕಿರುಚಿ ಕಿರುಚಿ ಸತ್ತರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಗಂಟಲು ಹರಿದುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ತುಟಿ ಅಗಲಿಸಿ, ಕೆನ್ನೆ ಉಬ್ಬಿಸಿ, ಹುಬ್ಬು ಕುಣಿಸಿ, ದನಿಯಿಲ್ಲದೆ ಮಾತಾಡುತ್ತಾರೆ. ಎದುರಿನವರು ಕಣ್ಣಲ್ಲೇ ಕೇಳಿಸಿಕೊಳ್ಳುತ್ತಾರೆ. ನಾಲ್ಕು ಸಾಲಿನಾಚೆಯ ಗೆಳತಿಗೆ ಅತ್ತೆಯ ಮೇಲಿನ ದೂರನ್ನೆಲ್ಲ ಹೇಳಿಕೊಳ್ಳಬಹುದು. ಅತ್ತೆ ಪಕ್ಕದ ಮಗ್ಗದಲ್ಲೇ ಇದ್ದರೂ ಬೆನ್ನು ಮಾಡಿ ನಿಂತಿದ್ದರೆ ಸಾಕು. ಹೊಸದಾಗಿ ಸೇರಿದವರು ಈ ವಿದ್ಯೆಗೆ ಆರು ತಿಂಗಳು ಒದ್ದಾಡುತ್ತಾರೆ. ಹದಿನಾರರ ಗಿಣಿ ಮೊದಲ ದಿನ ಒಳಗೆ ಕಾಲಿಟ್ಟವಳು, ಮಧ್ಯಾಹ್ನ ಊಟಕ್ಕೆ ಬಿಡುವ ಹೊತ್ತಿಗೆ ಅರ್ಧ ಗಿರಣಿಯ ಗುಟ್ಟು ತಿಳಿದುಕೊಂಡಿದ್ದಳು.

ಯಾಕೆಂದರೆ ಅಮ್ಮ ಅವಳಿಗೆ ಅದನ್ನು ಮನೆಯಲ್ಲೇ ಕಲಿಸಿ ಕಳಿಸಿದ್ದಳು. ಅಮ್ಮನೂ ಅದೇ ಗಿರಣಿಯಲ್ಲಿ ಮೂವತ್ತಮೂರು ವರ್ಷ ನೇಯ್ದವಳು. ಮಗಳಿಗೆ ಕಿವಿ ಇಲ್ಲವೆಂದು ಗೊತ್ತಾದಾಗ ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಮಗ್ಗದ ಮಾತನ್ನು ಅಡುಗೆಮನೆಗೆ ತಂದಳು. ತಟ್ಟೆ, ಲೋಟ, ಬಾಗಿಲು, ಬೆಕ್ಕು, ಒಂದೊಂದಕ್ಕೂ ತುಟಿಯ ಒಂದೊಂದು ಆಕಾರ. ಮನೆಗೆ ಒಂದು ಕಟ್ಟುನಿಟ್ಟಿನ ನಿಯಮವೂ ಇತ್ತು: ಮೊದಲು ಭುಜ ಮುಟ್ಟಬೇಕು, ಬೆಳಕಿಗೆ ಬರಬೇಕು, ಮುಖ ತೋರಿಸಬೇಕು, ಆಮೇಲೆ ಮಾತು. ಗಿಣಿಯ ತಮ್ಮ ಚೆನ್ನಾಗಿಯೇ ಕಿವಿ ಕೇಳುವವನು. ಅವನಿಗೂ ಈ ಅಭ್ಯಾಸ ಎಷ್ಟು ಅಂಟಿತ್ತೆಂದರೆ, ಶಾಲೆಯಲ್ಲಿ ಮೇಷ್ಟ್ರ ಭುಜ ತಟ್ಟಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಉತ್ತರ ಹೇಳಿ ಬೈಸಿಕೊಂಡಿದ್ದ. ಆ ಮನೆಯಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕೂಗಿ ಕರೆದವರಲ್ಲ.

ದನಿಯ ವಿಷಯ ಮಾತ್ರ ಬೇರೆ. ಅದಕ್ಕೊಂದು ಕತೆ ಇದೆ, ಸಂತೋಷದ ಕತೆಯೇನಲ್ಲ. ಗಿಣಿಗೆ ಐದು ವರ್ಷವಾಗಿದ್ದಾಗ ಬಸ್ಸಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತು ಹೋಗುತ್ತಿದ್ದಳು. ಕಿಟಕಿಯಾಚೆ ಒಂದು ಬಿಳಿ ಕುದುರೆ ಗಾಡಿಯಿಂದ ಬಿಡಿಸಿಕೊಂಡು ರಸ್ತೆಯ ಮಧ್ಯೆ ಓಡುತ್ತಿತ್ತು. ಮಗುವಿಗೆ ಖುಷಿ ತಡೆಯಲಾಗದೆ ಹೊಟ್ಟೆಯಾಳದಿಂದ ಏನೋ ಹೊರಟಿತು. ಅದು ಎಂಥ ಸದ್ದೋ ಅವಳಿಗೆ ಗೊತ್ತಿಲ್ಲ. ಕಂಡದ್ದು ಇಷ್ಟೇ: ಬಸ್ಸಿನಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು, ಒಬ್ಬ ಹೆಂಗಸು ತನ್ನ ಮಗುವನ್ನು ಎಳೆದುಕೊಂಡಳು, ಇಬ್ಬರು ಹುಡುಗಿಯರು ಬಾಯಿಗೆ ಸೆರಗು ಒತ್ತಿ ನಕ್ಕರು. ಮರುಕ್ಷಣ ಅಮ್ಮನ ಕೈ ಬಂದು ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. ಇಳಿಯುವ ನಿಲ್ದಾಣ ಬರುವವರೆಗೆ ಆ ಕೈ ತೆಗೆಯಲಿಲ್ಲ. ಅಮ್ಮನಿಗೆ ಆಗ ಇಪ್ಪತ್ತನಾಲ್ಕು ವರ್ಷ, ಪಾಳಿ ಮುಗಿಸಿ ಸುಸ್ತಾಗಿದ್ದಳು, ನಾಚಿಕೆಯಾಗಿತ್ತು. ಅವತ್ತಿನಿಂದ ಗಿಣಿಯ ಗಂಟಲಿಗೆ ಬೀಗ ಬಿತ್ತು. ಬಿದ್ದು ಪೆಟ್ಟಾದರೂ ಹಲ್ಲು ಕಚ್ಚಿ ಅಳುತ್ತಿದ್ದಳು.

ಇದರಿಂದ ಅವಳ ಬದುಕೇನೂ ನಿಲ್ಲಲಿಲ್ಲ ಅನ್ನಿ. ಗಿರಣಿ, ಮನೆ, ಗೆಳತಿಯರು, ಎಲ್ಲ ಕಡೆ ತುಟಿಯೇ ಸಾಕಾಗುತ್ತಿತ್ತು. ಮಗ್ಗ ಕೆಡುವ ಸುಳಿವು ಎಲ್ಲರಿಗಿಂತ ಮೊದಲು ಅವಳ ಅಂಗಾಲಿಗೆ ಸಿಗುತ್ತಿತ್ತು. ಮದುವೆಯ ಮಾತು ಎರಡು ಸಲ ಬಂದು ತಾನಾಗಿಯೇ ತಪ್ಪಿತು, ಅವಳೂ ಅದಕ್ಕೆ ಕೊರಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮೂವರೇ: ಅಮ್ಮ, ಅವಳು, ಸರಕಿನ ವ್ಯಾನ್ ಓಡಿಸುವ ತಮ್ಮ. ಸಂಜೆ ಮೂವರೂ ದೀಪದ ಕೆಳಗೆ ಕೂತು ಸದ್ದಿಲ್ಲದೆ ಹರಟುತ್ತಿದ್ದರು. ಹೊರಗಿನಿಂದ ಯಾರಾದರೂ ಇಣುಕಿದರೆ ಮೂವರೂ ಏನೋ ಅಗಿಯುತ್ತಿದ್ದಾರೆ ಅಂದುಕೊಳ್ಳಬೇಕು.

ಹೀಗಿರುವಾಗ ಅಮ್ಮನ ಕಣ್ಣು ಕೈಕೊಟ್ಟಿತು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸುವುದು, ತಟ್ಟೆಯ ಅಂಚಿನಲ್ಲಿದ್ದದ್ದನ್ನು ಬಿಟ್ಟೇ ಏಳುವುದು, ಎಲ್ಲ ಒಂದು ವರ್ಷದಿಂದ ನಡೆದಿತ್ತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಒಳಗಿನ ಒತ್ತಡದಿಂದ ನರ ಒಣಗುತ್ತಿದೆ, ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ಹನಿ ಹಾಕಿದರೆ ಒಂದಷ್ಟು ದಿನ ತಡೆಯಬಹುದು ಎಂದರು. ಹೆಚ್ಚೆಂದರೆ ಒಂದು ವರ್ಷ. ತಮ್ಮ ಇದನ್ನು ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದಾಗ ಅಮ್ಮನೇ ಗಿಣಿಯ ಭುಜ ತಟ್ಟಿ, ಬೆಳಕಿಗೆ ಬಂದು, ತುಟಿಯಾಡಿಸಿದಳು.

"ಇನ್ನೊಂದ್ ವರ್ಷ ನನ್ನ ತಲೆ ಎಷ್ಟ್ ಬೇಕಾದ್ರೂ ತಿನ್ನು. ಆಮೇಲೆ ನೀನ್ ಏನ್ ಹೇಳಿದ್ರೂ ನಂಗೆ ಕಾಣಲ್ಲ."

ಹೇಳಿ ನಕ್ಕಳು. ಗಿಣಿಗೆ ನಗು ಬರಲಿಲ್ಲ. ಅಮ್ಮ ಹೇಳಿದ್ದನ್ನು ತಾನು ಯಾವಾಗಲೂ ನೋಡಬಹುದು; ಆದರೆ ತನ್ನ ಮಾತು ಅಮ್ಮನಿಗೆ ತಲುಪುವ ದಾರಿ ಮುಚ್ಚಿಹೋಗುತ್ತದೆ. ಅಂಗೈ ಮೇಲೆ ಬರೆದು ತೋರಿಸೋಣವೆಂದರೆ ಅಮ್ಮನಿಗೆ ತನ್ನ ರುಜು ಬಿಟ್ಟು ಒಂದಕ್ಷರ ಬಾರದು. ಕೈಸನ್ನೆ ಎಂಬುದು ನೂಲು ತುಂಡಾಯಿತು, ಎಣ್ಣೆ ಬೇಕು ಎನ್ನುವಷ್ಟಕ್ಕೆ ಮಾತ್ರ ಗೊತ್ತು. ಕತ್ತಲಲ್ಲಿ ಕೂತ ಅಮ್ಮನ ಪಕ್ಕ ತಾನು ಬಾಯಿ ಆಡಿಸುತ್ತ ಕೂತಿರುವ ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಮರುದಿನ ರಜೆ ಬರೆದುಕೊಟ್ಟು ಕಿವುಡು ಮಕ್ಕಳ ಶಾಲೆಗೆ ಹೋದಳು.

ಶಾಲೆಯಲ್ಲಿ ಮಾತು ಕಲಿಸುವ ಟೀಚರಿಗೆ ಗಿಣಿಗಿಂತ ಎಂಟು ವರ್ಷ ಕಡಿಮೆ. ಚೀಟಿಯಲ್ಲಿ ಬರೆದು ತಂದದ್ದನ್ನು ಓದಿ, ಮೊಳಕಾಲೆತ್ತರದ ಕುರ್ಚಿಗಳ ನಡುವೆ ಮಂಡಿ ಮಡಚಿ ಕೂತಿದ್ದ ಆ ಹೆಂಗಸನ್ನು ನೋಡಿ, ಹೇಗೆ ಇಲ್ಲ ಎನ್ನಲಿ ಎಂದು ಯೋಚಿಸಿದರು.

"ನಲವತ್ತಕ್ಕೆ ಶುರು ಮಾಡೋದು ಬಹಳ ಕಷ್ಟ ಅಕ್ಕಾ. ಮಕ್ಕಳಿಗೇ ವರ್ಷಗಟ್ಟಲೆ ಹಿಡಿಯುತ್ತೆ," ಎಂದರು.

ಗಿಣಿ ಅವರ ತುಟಿ ಓದಿ, ತನ್ನ ತುಟಿಯಲ್ಲಿ ಉತ್ತರ ಕೊಟ್ಟಳು. ಕಷ್ಟ ಅಂತ ಗೊತ್ತು, ಕೆಲಸಕ್ಕೆ ಹೆದರೋಳಲ್ಲ, ನಿಮ್ಮ ಗೋಡೆ ಗಡಿಯಾರ ಐದು ನಿಮಿಷ ಹಿಂದಿದೆ, ಈಗ ಶುರು ಮಾಡಿದರೆ ಇವತ್ತೇ ಒಂದು ಪಾಠ ಆಗುತ್ತೆ ಎಂದು ಒಂದೇ ಉಸಿರಿಗೆ. ಟೀಚರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹದಿಮೂರು ವರ್ಷದ ಅನುಭವದಲ್ಲಿ ಅವರು ಕಂಡದ್ದು ಇದರ ತಿರುಗುಮುರುಗು. ಮಕ್ಕಳಿಗೆ ದನಿ ಬೇಕಾದಷ್ಟಿರುತ್ತದೆ, ಅದಕ್ಕೆ ಆಕಾರ ಕೊಡುವುದೇ ಪಡಿಪಾಟಲು. ಇಲ್ಲಿ ಆಕಾರವೆಲ್ಲ ಸಿದ್ಧವಾಗಿ ಕೂತಿತ್ತು, ಒಳಗೆ ತುಂಬಲು ದನಿಯೊಂದು ಇರಲಿಲ್ಲ. ಟೀಚರಿಗೂ ಕುತೂಹಲ ಹುಟ್ಟಿತು. ವಾರಕ್ಕೆ ಮೂರು ದಿನ, ಪಾಳಿ ಮುಗಿದ ಮೇಲೆ ಬನ್ನಿ ಎಂದರು.

ಮೊದಲ ಪಾಠ, ದನಿ ಎಲ್ಲಿರುತ್ತದೆ ಎಂದು ಹುಡುಕುವುದು. ಟೀಚರು ಗಿಣಿಯ ಕೈ ಹಿಡಿದು ತಮ್ಮ ಗಂಟಲ ಮೇಲಿಟ್ಟು ಮಾತಾಡಿದರು. ಬೆರಳ ಕೆಳಗೆ ಏನೋ ಗುಂಯ್‌ಗುಟ್ಟಿತು. ಎದೆಯ ಮೇಲೆ, ಕೆನ್ನೆಯ ಮೇಲೆ, ನೆತ್ತಿಯ ಮೇಲೆ, ಎಲ್ಲ ಕಡೆ ಸಣ್ಣಗೆ ಅದೇ ನಡುಕ. ಗಿಣಿಗೆ ಬೆರಗಾಯಿತು. ಇಷ್ಟು ವರ್ಷ ಅವಳು ದನಿಯೆಂದರೆ ಬಾಯಿಂದ ಹೊರಬೀಳುವ ಗಾಳಿ ಎಂದುಕೊಂಡಿದ್ದಳು; ಅದು ಮನುಷ್ಯನ ಮೂಳೆಯೊಳಗೆಲ್ಲ ಓಡಾಡಿಕೊಂಡಿರುತ್ತದೆಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಅವಳ ಪ್ರಶ್ನೆಗಳು ಶುರುವಾದವು. ಟೀಚರ ಪಾಠಕ್ಕಿಂತ ಇವಳ ಪ್ರಶ್ನೆಯೇ ಉದ್ದ. ದನಿ ಮುಂದಕ್ಕೆ ಮಾತ್ರ ಹೋಗುತ್ತಾ, ಬೆನ್ನ ಹಿಂದಕ್ಕೂ ಹೋಗುತ್ತಾ? ಬಾಗಿಲು ಹಾಕಿದರೆ ನಿಲ್ಲುತ್ತಾ, ಇಲ್ಲ ಸಂದಿಯಲ್ಲಿ ನುಸುಳುತ್ತಾ? ಒಂದೇ ಕೋಣೆಯಲ್ಲಿ ಇಬ್ಬರು ಮಾತಾಡಿದರೆ ದನಿಗಳು ಡಿಕ್ಕಿ ಹೊಡೆಯಲ್ವಾ? ಮುದುಕರಾದರೆ ಅದಕ್ಕೂ ಸುಕ್ಕು ಬರುತ್ತಾ? ಮುಖ ನೋಡದೆ ಬರೀ ದನಿಯಿಂದ ಇಂಥವರೇ ಅಂತ ಹೇಗೆ ಗೊತ್ತಾಗುತ್ತೆ? ಟೀಚರು ತಿಳಿದಷ್ಟು ಹೇಳಿದರು. ಬೆನ್ನ ಹಿಂದಕ್ಕೂ ಹೋಗುತ್ತೆ ಎಂದದ್ದನ್ನು ಗಿಣಿ ಇನ್ನೊಮ್ಮೆ ಹೇಳಿಸಿಕೊಂಡಳು. ಕಣ್ಣಿಲ್ಲದ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರೂ ತಾನು ಬಾಗಿಲಲ್ಲೇ ನಿಂತು ಮಾತಾಡಿಸಬಹುದು. ಇದಕ್ಕಿಂತ ದೊಡ್ಡ ಅನುಕೂಲ ಭೂಮಿಯ ಮೇಲೆ ಇನ್ನೊಂದಿರಲಾರದು ಎಂದು ಅವಳಿಗನಿಸಿತು.

ಇನ್ನೊಂದು ದಿನ ಟೀಚರು ಒಂದು ಕಾಗದದ ಪಟ್ಟಿಯನ್ನು ತುಟಿಯೆದುರು ಹಿಡಿದು "ಅಪ್ಪ" ಎಂದರು, ಪಟ್ಟಿ ಹಾರಿತು. "ಅಮ್ಮ" ಎಂದರು, ಪಟ್ಟಿ ಅಲುಗಲಿಲ್ಲ. ಬದಲಿಗೆ ಮೂಗಿನ ಪಕ್ಕೆ ನಡುಗಿತು. ಗಿಣಿಯ ಕಣ್ಣಿಗೆ ಎರಡೂ ಒಂದೇ ಆಗಿ ಕಂಡಿದ್ದವು.

"ಹಾಗಾದ್ರೆ ನಾನು ಅಪ್ಪ ಸಾಯೋವರೆಗೂ ಅವರನ್ನ ಅಮ್ಮ ಅಂತಲೇ ಕರೀತಿದ್ನಾ?" ಎಂದು ತುಟಿಯಲ್ಲಿ ಕೇಳಿದಳು.

"ಅವರು ಯಾವತ್ತಾದ್ರೂ ಓಗೊಡದೆ ಇದ್ರಾ?" ಎಂದು ಟೀಚರು ಮರುಪ್ರಶ್ನೆ ಹಾಕಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕ ಮತ್ತು ಗ ಗಂಟಲ ಬುಡದಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣಿಸುವುದೇ ಇಲ್ಲ. ಗಿಣಿಯ ಬಾಯಲ್ಲಿ ಅವುಗಳ ಜಾಗ ಖಾಲಿಯಾಗಿತ್ತು. ಅದಕ್ಕೆ ಲೋಟದಲ್ಲಿ ನೀರು ಕೊಟ್ಟು ಗಳಗಳ ಮುಕ್ಕಳಿಸಲು ಹೇಳಿದರು. ಮಕ್ಕಳ ಜೊತೆ ಸಾಲಾಗಿ ನಿಂತು ಮುಕ್ಕಳಿಸಿ ಮುಕ್ಕಳಿಸಿ ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳಿದರೆ, ಹೆಚ್ಚುವರಿ ಪಾಳಿ ಎನ್ನುತ್ತಿದ್ದಳು. ಅಮ್ಮನಿಗೆ ಹೇಳದೆ, ಸರಿಯಾಗಿ ಕಲಿತ ದಿನ ಒಮ್ಮೆಲೇ ಮಾತಾಡಿ ಬೆಚ್ಚಿಬೀಳಿಸಬೇಕೆಂಬ ಆಸೆ ಅವಳದು. ಇಂಥ ಆಸೆ ಯಾರಿಗಿರುವುದಿಲ್ಲ ಹೇಳಿ.

ಇಷ್ಟಾದರೂ ಮುಖ್ಯವಾದದ್ದೇ ಬರಲಿಲ್ಲ. ಮೂರು ತಿಂಗಳು ಜಪ್ಪಯ್ಯ ಅಂದರೂ ಗಂಟಲು ನಡುಗಲಿಲ್ಲ. ಎದೆಗೆ ಕೈಯಿಟ್ಟುಕೊಂಡು ಉಸಿರು ತಳ್ಳುತ್ತಿದ್ದಳು. ಇನ್ನೇನು ಗುಂಯ್ ಎಂದಿತು ಎನ್ನುವಷ್ಟರಲ್ಲಿ ದವಡೆ ಕಚ್ಚಿಕೊಳ್ಳುತ್ತಿತ್ತು. ಟೀಚರು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಬಸ್ಸಿನ ಕತೆ ಹೇಳಿದಳು.

"ಇಲ್ಲಿ ಯಾರೂ ನಗಲ್ಲ ಅಕ್ಕಾ," ಎಂದರು ಟೀಚರು.

"ನನ್ನ ತಲೆಗೆ ಗೊತ್ತು, ದವಡೆಗೆ ಗೊತ್ತಿಲ್ಲ," ಎಂದಳು ಗಿಣಿ.

ಇದಕ್ಕೆ ಮದ್ದು ಸಿಕ್ಕಿದ್ದು ಶಾಲೆಯಲ್ಲಲ್ಲ, ಗಿರಣಿಯಲ್ಲಿ. ಒಂದು ಬೆಳಗ್ಗೆ ತುಂಡಾದ ನೂಲು ಕಟ್ಟಲು ಬಗ್ಗಿದವಳ ಎದೆ ಮಗ್ಗದ ಮರದ ದಿಮ್ಮಿಗೆ ಒತ್ತಿತು. ಇಪ್ಪತ್ತೈದು ವರ್ಷದಿಂದ ದಿನಕ್ಕೆ ಹತ್ತು ಸಲ ಒತ್ತುತ್ತಿದ್ದ ದಿಮ್ಮಿಯೇ. ಅವತ್ತು ಅದರ ನಡುಕ ಎದೆಯ ಗೂಡಿಗೆ ಇಳಿದಾಗ ಅವಳಿಗೆ ಹೊಳೆಯಿತು: ಟೀಚರ ಗಂಟಲಲ್ಲಿದ್ದದ್ದು ಇದರದೇ ಮರಿ. ಇನ್ನೂ ಒಂದು ಹೊಳೆಯಿತು. ಈ ಗದ್ದಲದಲ್ಲಿ ತಾನು ಎಂಥ ಸದ್ದು ಮಾಡಿದರೂ ಯಾರಿಗೂ ಕೇಳುವುದಿಲ್ಲ, ಯಾರೂ ಹಿಂದೆ ತಿರುಗಿ ನೋಡುವುದಿಲ್ಲ. ದಿಮ್ಮಿಗೆ ಎದೆಯೊತ್ತಿ, ಮಗ್ಗದ ನಡುಕದ ಜೊತೆ ತನ್ನದನ್ನೂ ಬೆರೆಸಿ ನೋಡಿದಳು. ಮೊದಲು ಉಸಿರು, ಆಮೇಲೆ ಏನೋ ಕೆರೆತ, ಆಮೇಲೆ ಗಂಟಲಲ್ಲಿ ಜೀವವಿರುವಂಥದ್ದೊಂದು ಅಲುಗಾಟ. ದವಡೆ ಸುಮ್ಮನಿತ್ತು. ಗಿಣಿ ಅಲ್ಲೇ ನಿಂತು ಅತ್ತಳು, ಸಾಲಿನವರು ಕಣ್ಣಿಗೆ ಹತ್ತಿಯ ದೂಳು ಬಿತ್ತೆಂದುಕೊಂಡರು.

ಅಲ್ಲಿಂದ ಗಿರಣಿಯೇ ಅವಳ ಶಾಲೆಯಾಯಿತು. ಟೀಚರು ಹೇಳಿಕೊಟ್ಟದ್ದನ್ನು ಎರಡು ಮಗ್ಗಗಳ ನಡುವೆ ದಿನವಿಡೀ ಗಟ್ಟಿಯಾಗಿ ಅಭ್ಯಾಸ ಮಾಡಿದಳು. ಅವಳ ಬಾಯಿ ಮೊದಲಿನಿಂದಲೂ ಆಡುತ್ತಲೇ ಇತ್ತಾದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಅವಳು ಆರಿಸಿಕೊಂಡದ್ದು ಮನೆಯಲ್ಲಿ ಬೇಕಾಗುವ ಮಾತುಗಳನ್ನು. ಅಮ್ಮಾ ನಾನು ಬಂದೆ. ಹುಷಾರು, ಮೆಟ್ಟಿಲು. ಕಣ್ಣಿಗೆ ಹನಿ ಹಾಕ್ಲಾ. ಊಟ ಆಯ್ತಾ.

ಹೀಗೆ ನಡೆದಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ತೊಂಬತ್ತು ಮಗ್ಗವೂ ಒಂದೇ ಏಟಿಗೆ ನಿಂತವು. ಅಂಗಾಲಿನ ನಡುಕ ನಿಂತದ್ದು ಗಿಣಿಗೆ ತಿಳಿಯಿತು, ಆದರೆ ಬಾಯಲ್ಲಿದ್ದ ಮಾತು ಆಗಲೇ ಹೊರಟಾಗಿತ್ತು. ಸ್ತಬ್ಧವಾದ ಆ ದೊಡ್ಡ ಕೋಣೆಯಲ್ಲಿ "ಅಮ್ಮಾ, ಊಟ ಆಯ್ತಾ?" ಎಂಬ ದಪ್ಪನೆಯ, ಒರಟಾದ, ಯಾರೂ ಹಿಂದೆ ಕೇಳಿರದ ದನಿಯೊಂದು ಮೊಳಗಿತು. ಸರಿಯಾಗಿ ಅವಳ ಬೆನ್ನ ಹಿಂದೆ ಎಣ್ಣೆ ಡಬ್ಬಿ ಹಿಡಿದು ಬರುತ್ತಿದ್ದ ಮೇಸ್ತ್ರಿ ಹೌಹಾರಿ, "ಆಯ್ತು ತಾಯಿ," ಎಂದುಬಿಟ್ಟ.

ಎಲ್ಲ ಮುಖಗಳೂ ಇವಳತ್ತ ತಿರುಗಿದವು. ಬಸ್ಸಿನಲ್ಲಾದಂತೆಯೇ. ಗಿಣಿಯ ಕೈ ತಾನಾಗಿಯೇ ಬಾಯಿಗೆ ಹೋಯಿತು. ಆಗ ಎದುರು ಮಗ್ಗದ ದಪ್ಪಕ್ಕ, ಇಪ್ಪತ್ತು ವರ್ಷದಿಂದ ಅವಳೊಂದಿಗೆ ಹರಟಿದವಳು, ನೂಲಿನುಂಡೆ ಕೆಳಗೆ ಹಾಕಿ ಬಂದು ಆ ಕೈಯನ್ನು ಎಳೆದು ತೆಗೆದಳು.

"ಇಷ್ಟ್ ಮಾತಾಡಿಯೂ ಒಳಗೆ ಇಷ್ಟ್ ಉಳಿಸ್ಕೊಂಡಿದ್ದೀಯಲ್ಲೇ," ಎಂದಳು. ಎಲ್ಲರೂ ನಕ್ಕರು, ಮೇಸ್ತ್ರಿಯನ್ನು ನೋಡಿ. ಆ ನಗು ತನ್ನ ಮೇಲಲ್ಲವೆಂದು ಗೊತ್ತಾಗಿ ಗಿಣಿಯೂ ನಕ್ಕಳು, ದನಿ ಬಿಟ್ಟು.

ಆಮೇಲೆ ತಮ್ಮನಿಗೂ ಹೇಳಬೇಕಾಯಿತು. ಅವನು ವ್ಯಾನಿನಲ್ಲಿ ಕೂರಿಸಿಕೊಂಡು ಕಿವಿಗೊಟ್ಟು ಕೇಳುತ್ತಿದ್ದ. ಜೋರಾದರೆ ಕೈ ಕೆಳಗೆ, ಸಣ್ಣಗಾದರೆ ಕೈ ಮೇಲೆ. "ಗೊತ್ತಾಗುತ್ತಾ?" ಎಂದು ಕೇಳಿದರೆ, "ಒಂದೊಂದೂ ಗೊತ್ತಾಗುತ್ತೆ ಅಕ್ಕಾ, ಅಮ್ಮ ಕುಣಿದಾಡಿಬಿಡ್ತಾಳೆ," ಎನ್ನುತ್ತಿದ್ದ.

ಇತ್ತ ಅಮ್ಮನ ನೋಟ ದಿನೇ ದಿನೇ ಸಣ್ಣದಾಗುತ್ತಿತ್ತು. ಮೊದಲು ಪೂರ್ತಿ ಮುಖ, ಆಮೇಲೆ ಮೂಗು ಬಾಯಿ, ಆಮೇಲೆ ಬಾಯಿ ಮಾತ್ರ. ಜೊತೆಗೆ ಅವಳು ಮಂಕಾದಳು. ಪಕ್ಕದ ಮನೆಯವಳು ಬಂದು ಕೂತರೆ ಮೊದಲಿನ ಹಾಗೆ ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. "ಈಗಿನ ಜನಕ್ಕೆ ಬಾಯಿ ತೆಗೆದು ಮಾತಾಡೋಕೂ ಸೋಮಾರಿತನ," ಎಂದು ಗೊಣಗುತ್ತಿದ್ದಳು. ಕಣ್ಣು ಹೋಗುತ್ತಿರುವ ದುಃಖ, ಪಾಪ ಎಂದು ಮಕ್ಕಳು ಸುಮ್ಮನಿದ್ದರು.

ಡಾಕ್ಟರು ಹೇಳಿದ ವರ್ಷದ ಹನ್ನೊಂದನೇ ತಿಂಗಳ ಒಂದು ಭಾನುವಾರ ಗಿಣಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಏನೋ ಹೇಳಿದಳು. ಅಮ್ಮ ಕತ್ತು ಆಚೀಚೆ ತಿರುಗಿಸಿ ಅವಳ ಬಾಯಿಗಾಗಿ ಹುಡುಕಿ, ಸಿಗದೆ, ತಲೆಯಾಡಿಸಿದಳು. "ಮುಗೀತು ಅನ್ಸುತ್ತೆ," ಎಂದಳು. ಗಿಣಿ ಅವಳನ್ನು ತಬ್ಬಿಕೊಂಡು ಕುರ್ಚಿಯಲ್ಲಿ ಕೂರಿಸಿದಳು. ಇದೇ ದಿನಕ್ಕಲ್ಲವೇ ಅವಳು ಕಾದದ್ದು. ಮಡಿಚಲೆಂದು ಒಗೆದ ಬಟ್ಟೆಯ ರಾಶಿಯನ್ನು ಅಮ್ಮನ ಮಡಿಲಿಗಿಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಎದೆಗೆ ಕೈಯಿಟ್ಟು ನಡುಕ ಸರಿಯಾಗಿದೆಯೇ ನೋಡಿಕೊಂಡು ಹೇಳಿದಳು.

"ಅಮ್ಮಾ, ಊಟ ಆಯ್ತಾ?"

ಅಮ್ಮ ಟವೆಲಿನ ಅಂಚು ಹುಡುಕಿ ಮಡಿಚಿದಳು.

ಗಿಣಿ ಇನ್ನಷ್ಟು ಜೋರಾಗಿ ಹೇಳಿದಳು. ಅಮ್ಮ ಎರಡನೇ ಟವೆಲು ಎತ್ತಿಕೊಂಡಳು. ಮೂರನೆಯ ಸಲ ಗಂಟಲು ಉರಿಯುವಂತೆ ಕೂಗಿದಾಗ ತಮ್ಮ ಮಹಡಿಯಿಂದ ದಡದಡ ಇಳಿದು ಬಂದ. ಗಿಣಿ ಅವನತ್ತ ಬೆಂಕಿಯಂತೆ ನೋಡಿದಳು. ತನ್ನ ಬಾಯಿಂದ ಮಾತೆನ್ನುವಂಥದ್ದೇನೂ ಬರುತ್ತಿಲ್ಲ, ಇವನು ಅಕ್ಕನ ಮನಸ್ಸು ನೋಯಿಸಬಾರದೆಂದು ಇಷ್ಟು ದಿನ ಸುಳ್ಳು ಹೇಳಿದ ಎಂದೇ ಅವಳು ತಿಳಿದಳು. ಅವನು ಅವಳನ್ನು ನೋಡಲಿಲ್ಲ. ಅಮ್ಮನ ಬೆನ್ನ ಹಿಂದೆ ನಿಂತು ತಾನೇ "ಅಮ್ಮಾ" ಎಂದ. ಮತ್ತೆ ಕೂಗಿದ. ಎರಡು ಪಾತ್ರೆಗಳನ್ನು ತಂದು ಒಂದಕ್ಕೊಂದು ಬಡಿದ. ಅಮ್ಮ ಮಡಿಚಿದ ಟವೆಲುಗಳನ್ನು ಎಣಿಸುತ್ತಿದ್ದಳು. ತಮ್ಮನ ಮುಖದ ಬಣ್ಣ ಇಳಿದುಹೋಯಿತು.

ಮರುದಿನ ಕಿವಿಯ ಡಾಕ್ಟರು ನೋಡಿ, ಇದೇನು ನಿನ್ನೆ ಮೊನ್ನೆಯದಲ್ಲ ಎಂದರು. ಮೂವತ್ತಮೂರು ವರ್ಷ ಮಗ್ಗದ ಸದ್ದು ಕೇಳಿದ ಕಿವಿ, ಇಪ್ಪತ್ತು ವರ್ಷದ ಹಿಂದೆಯೇ ಹೋಗಲು ಶುರುವಾಗಿ ಈಗ ತಳ ಕಂಡಿದೆ. ಯಂತ್ರ ಹಾಕಿ ನೋಡಿದರು. ಗುಡುಗಿನಂಥದ್ದೇನೋ ಬರುತ್ತೆ, ಮಾತಾಗಿ ಬರಲ್ಲ ಎಂದಳು ಅಮ್ಮ. "ಇಷ್ಟು ವರ್ಷ ಮನೆಯವರಿಗೆ ಗೊತ್ತಾಗಲಿಲ್ವಾ?" ಎಂದು ಡಾಕ್ಟರು ಕೇಳಿದರು. ಹೇಗೆ ಗೊತ್ತಾಗಬೇಕು? ಭುಜ ಮುಟ್ಟಿ, ಬೆಳಕಿಗೆ ಬಂದು, ಮುಖ ತೋರಿಸಿ ಮಾತಾಡುವ ಮನೆ. ಮಗಳೊಬ್ಬಳಿಗೆಂದು ಮಾಡಿದ ನಿಯಮದ ಮರೆಯಲ್ಲಿ ತಾಯಿಯ ಕಿವಿ ಸದ್ದಿಲ್ಲದೆ ಹೋಗಿಬಿಟ್ಟಿತ್ತು.

ಮನೆಗೆ ಬಂದು ಅಮ್ಮನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದರು. ಯಾರೂ ಕೇಳದಿದ್ದರೂ ಅವಳೇ ತುಟಿಯಾಡಿಸಿದಳು.

"ಗೊತ್ತಿತ್ತು ಅಂತಾನೂ ಅಲ್ಲ, ಗೊತ್ತಿರ್ಲಿಲ್ಲ ಅಂತಾನೂ ಅಲ್ಲ. ಈ ಮನೇಲಿ ಕಿವಿಗೆ ಕೆಲಸಾನೇ ಇರ್ಲಿಲ್ಲ. ಕಣ್ಣು ಹೋಗ್ತಾ ಬಂದಾಗ ತಿಳೀತು. ನೀವಿಬ್ರೂ ಮೊದ್ಲೇ ಒದ್ದಾಡ್ತಿದ್ರಿ, ಇದನ್ನೂ ಹೇಳಿ ಏನ್ ಮಾಡ್ಲಿ."

ಗಿಣಿಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ತಿಂಗಳು ನೀರು ಮುಕ್ಕಳಿಸಿದ್ದು, ದಿಮ್ಮಿಗೆ ಎದೆ ಒತ್ತಿದ್ದು, ಮೊಳಕಾಲೆತ್ತರದ ಕುರ್ಚಿ, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಯಾರಿಗೆ ಕೇಳಲೆಂದು ಇದೆಲ್ಲ? ಮೇಜಿನ ಮೇಲೆ ಬಗ್ಗಿ, ಅಮ್ಮನ ಮುಖಕ್ಕೆ ಮುಖ ಕೊಟ್ಟು ಅರಚಿದಳು. "ನನಗೆ ಯಾಕೆ ಹೇಳ್ಲಿಲ್ಲ? ನನಗೆ ಯಾಕಮ್ಮಾ ಹೇಳ್ಲಿಲ್ಲ?"

ಬಿಸಿಯುಸಿರು ಮುಖಕ್ಕೆ ಬಡಿದಾಗ ಅಮ್ಮ ಗಾಬರಿಯಾಗಿ ಕೈಚಾಚಿದಳು. ಕೈ ಮೊದಲು ಗಿಣಿಯ ಕೊರಳಿಗೆ ತಾಗಿತು, ಅಲ್ಲಿಂದ ಮೇಲೆ ಜರುಗಿ ಬಾಯಿಯ ಮೇಲೆ ಬಂತು. ಆ ಕೈ ಬಾಯಿಗೆ ಬಿದ್ದದ್ದೇ ತಡ, ಗಿಣಿಯ ದವಡೆ ಕಚ್ಚಿಕೊಂಡಿತು. ದನಿ ನಿಂತುಹೋಯಿತು. ಮೂವತ್ತಾರು ವರ್ಷದ ಹಿಂದಿನ ಅದೇ ಅಂಗೈ, ಈಗ ಸ್ವಲ್ಪ ಒರಟು.

ಅಮ್ಮ ಕೈ ತೆಗೆಯಲಿಲ್ಲ. ಅಲುಗಾಡದೆ ಕೂತಿದ್ದಳು. ಹೊಸ ಮಗ್ಗದ ಮೇಲೆ ಕೈಯಿಟ್ಟು ಅದರ ಓಟ ತಿಳಿಯುವಾಗ ಇರುತ್ತಿತ್ತಲ್ಲ, ಅಂಥ ಮುಖ.

"ನಡುಗ್ತಿತ್ತು," ಎಂದಳು. "ನಿನ್ನ ಗಂಟಲು ನಡುಗ್ತಿತ್ತು. ನಿಂಗೆ ದನಿ ಇದೆ."

ಗಿಣಿ ಅಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ಅವತ್ತು ಬಸ್ಸಲ್ಲಿ ಮುಚ್ಚಿದ್ದು ಇದೇ ಕೈ," ಎಂದಳು ಅಮ್ಮ. ಅವಳ ತುಟಿ ಅದುರುತ್ತಿತ್ತು, ಓದುವುದು ಕಷ್ಟವಾಯಿತು. "ಮಾರನೇ ದಿನದಿಂದಾನೇ ಕಾಯ್ತಿದ್ದೆ, ಮತ್ತೆ ಕೂಗ್ತೀಯೇನೋ ಅಂತ. ನೀನು ಕೂಗ್ಲೇ ಇಲ್ಲ. ಇವತ್ತು ಮುಚ್ಚೋಕೆ ಇಟ್ಟಿಲ್ಲ ಕಂದಾ. ಮಾತಾಡು."

ಅಮ್ಮ ತಾನೇ ಬೆರಳುಗಳನ್ನು ಸರಿಮಾಡಿಕೊಂಡಳು. ಹೆಬ್ಬೆರಳು ಮೂಗಿನ ಪಕ್ಕೆಗೆ, ತೋರುಬೆರಳು ತುಟಿಯ ಮೇಲೆ, ಉಳಿದ ಮೂರು ಗಂಟಲಿಗೆ. ಯಾರೂ ಹೇಳಿಕೊಟ್ಟದ್ದಲ್ಲ. ತುಂಡಾದ ನೂಲನ್ನು ನೋಡದೆ ಹುಡುಕಿದ ಬೆರಳುಗಳು, ಅವಕ್ಕೆ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು.

ಗಿಣಿ ದವಡೆ ಸಡಿಲಿಸಿದಳು. ನಿಧಾನವಾಗಿ, ದನಿ ತುಂಬಿ, ಹೇಳಿದಳು.

ಅಮ್ಮ ಆ ಆಕಾರವನ್ನು ತನ್ನ ತುಟಿಯಲ್ಲಿ ಹಿಡಿದು ನೋಡಿದಳು. ಮೂಗಿನ ಪಕ್ಕೆಯ ನಡುಕಕ್ಕೆ ಹೆಬ್ಬೆರಳು ಸ್ವಲ್ಪ ಒತ್ತಿತು. "ಅಮ್ಮ," ಎಂದಳು. ಮತ್ತೆ ಕಾದಳು. ಗಿಣಿಯ ತುಟಿ ದುಂಡಗಾಯಿತು, ನಾಲಿಗೆಯ ಪೆಟ್ಟು, ಬಾಯಿ ತೆರೆಯಿತು, ಗಂಟಲು ಒಂದು ಕ್ಷಣ ನಿಂತು ಮತ್ತೆ ನಡುಗಿತು. ಎರಡು ಸಲ ತಪ್ಪಿದಳು. ಮೂರನೆಯ ಸಲ ಅವಳ ಮುಖ ಅರಳಿತು.

"ಊಟ ಆಯ್ತಾ ಅಂತೀಯಾ?"

ಗಿಣಿ ಆ ಕೈಯ ಕೆಳಗೇ ತಲೆಯಾಡಿಸಿದಳು. ಕಣ್ಣೀರು ಹೆಬ್ಬೆರಳಿನ ಮೇಲೆ ಇಳಿಯುತ್ತಿತ್ತು. ತಮ್ಮ ಒಲೆಯ ಕಡೆ ತಿರುಗಿ ನಿಂತು ತಟ್ಟೆ ಜೋಡಿಸುವ ನೆಪ ಮಾಡುತ್ತಿದ್ದ.

"ಇಲ್ಲ, ಆಗಿಲ್ಲ," ಎಂದಳು ಅಮ್ಮ. "ಇನ್ನೊಂದ್ ಸಲ ಕೇಳು."

ಗಿಣಿ ಇನ್ನೊಂದು ಸಲ ಕೇಳಿದಳು.